ಕೆಂಪಿಗಾಗಿ ಅಪ್ಪ ಉಟ್ಟ ಸೀರೆ

ನಸುಕಿನಲ್ಲಿ ನಮ್ಮ ಕೊಟ್ಟಿಗೆಯ ಹಾಲು ಕರೆಯುವ ಮೆಷಿನ್ 'ಚುಸ್... ಟಕ್' ಎನ್ನತೊಡಗಿದರೆ ನನಗೆ ಮೊದಲು ಬರುವುದು ಭಯ: ಕರೆಂಟ್ ಹೋದರೇನು ಗತಿ, ರಬ್ಬರ್ ಕೊಳವೆಯನ್ನು ಇಲಿ ಕಡಿದಿದ್ದರೇನು ಗತಿ! ಆಮೇಲೆ ಬರುವುದು ನಗು. ಮೆಷಿನ್ ಹಾಕಿದ್ದು ನಾನೋ ನನ್ನ ಹೆಂಡತಿಯೋ ಎಂದು ನಮ್ಮ ಸೀಮೆಹಸುಗಳು ತಿರುಗಿಯೂ ನೋಡುವುದಿಲ್ಲ. ಕೆಂಪಿ ಹಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಹಸು ಇದ್ದಿರಬೇಕು.

ಕೆಂಪಿ ಗುಡ್ಡದಲ್ಲಿ ಮೇಯುತ್ತಿದ್ದ ಗಿಡ್ಡ ಜಾತಿಯ ನಾಡಹಸು. ಕೊಡುತ್ತಿದ್ದುದು ಒಂದು ಚೆಂಬು ಹಾಲು, ಠೀವಿ ಮಾತ್ರ ಎಸ್ಟೇಟ್ ಧಣಿಯದು. ಅಜ್ಜಿಯ ಕೈ, ಅಜ್ಜಿಯ ಸೀರೆಯ ವಾಸನೆ ಬಿಟ್ಟರೆ ಯಾರಿಗೂ ಹಾಲು ಬಿಡುತ್ತಿರಲಿಲ್ಲ. ಅಪ್ಪನ ತಂಗಿ ಸರೋಜತ್ತೆಯನ್ನು ನೋಡಲು ಪಾಳ್ಯದಿಂದ ಗಂಡಿನ ಕಡೆಯವರು ಬರುವ ದಿನವೇ ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದು ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಳು. ಪಕ್ಕದ ಮನೆಯ ಹಸು ಬತ್ತಿತ್ತು. ಕೆಂಪಿಯಿಂದ ಒದೆ ತಿಂದ ಅವ್ವ ಮತ್ತೆ ಹತ್ತಿರ ಹೋಗಲೊಲ್ಲಳು. ನೆಂಟರಿಗೆ ಕರಿ ಕಾಫಿ ಕೊಟ್ಟರೆ ಹಸು ಕಟ್ಟಿದ ಮನೆಯ ಮಾನ ಉಳಿಯುತ್ತದೆಯೇ? ಎಂಟು ವರ್ಷದ ನಾನಂತೂ, ಹಾಲಿಲ್ಲ, ಹಾಗಾಗಿ ಕಾಫಿಯಿಲ್ಲ, ಹಾಗಾಗಿ ಅತ್ತೆಗೆ ಜನ್ಮದಲ್ಲಿ ಮದುವೆಯಿಲ್ಲ ಎಂದು ತೀರ್ಮಾನಿಸಿ ಅಳಲು ಕೂತಿದ್ದೆ.

"ನನ್ ಸೀರೆ ಸುತ್ಕೊಂಡು ನೀನೇ ಕೂತ್ಕಳೋ," ಎಂದು ಅಜ್ಜಿ ಅಪ್ಪನಿಗೆ ಅಪ್ಪಣೆ ಮಾಡಿದಳು. ಅಪ್ಪ ಪಂಚೆಯ ಮೇಲೆಯೇ ಸೀರೆ ಸುತ್ತಿ, ತಲೆತುಂಬ ಸೆರಗು ಹೊದ್ದು ಕೂತ. ಕೆಂಪಿ ತಿರುಗಿ ಮೂಸಿತು. "ಮೀಸೆ ಮುಚ್ಕಳೋ, ಅದಕ್ಕೆ ಕಾಣ್ತೈತೆ!" ಅಜ್ಜಿ ಜಗಲಿಯಿಂದ ಕೂಗಿದಳು. ಅಷ್ಟರಲ್ಲಿ, ಸಂಜೆಯ ಬಸ್ಸಿಗೆ ಬರಬೇಕಿದ್ದ ನೆಂಟರು ಯಾರದೋ ಜೀಪಿನಲ್ಲಿ ಬಂದು ಇಳಿದೇಬಿಟ್ಟರು. ಗಂಡಿನ ತಾಯಿ ಅಜ್ಜಿಯ ಕೂಗು ಕೇಳಿ ಸೀದಾ ಕೊಟ್ಟಿಗೆಯ ಬಾಗಿಲಿಗೇ ಬಂದರು. ಅಪ್ಪ ಏಳುವಂತಿಲ್ಲ, ಕೂರುವಂತಿಲ್ಲ. ಆಕೆ ಒಂದು ಗಳಿಗೆ ದಿಟ್ಟಿಸಿ, "ಏಳ್ಬ್ಯಾಡಿ ಕಣಣ್ಣ, ಹಸ ಈಗ ಹಾಲು ಬಿಡ್ತೈತೆ. ಸೆರಗು ಒಂಚೂರು ಮುಂದಕ್ಕೆ ಎಳ್ಕಳಿ," ಎಂದರು.

ಚೆಂಬಿನಲ್ಲಿ ಹಾಲು ಸರ್ರೆಂದಿತು. ಒಳಗೆ ಬಾಯಿಗೆ ಸೆರಗು ತುರುಕಿಕೊಂಡರೂ ಸರೋಜತ್ತೆಯ ನಗು ಹೊರಗೆ ಕೇಳಿಸಿತು. ಜೀಪಿನ ಪಕ್ಕ ನಾಚಿ ನಿಂತಿದ್ದ ಗಂಡೂ ನಕ್ಕುಬಿಟ್ಟ. "ಹಸುಗೋಸ್ಕರ ಸೀರೆ ಉಡೋ ಮನೆ. ಇನ್ನೇನ್ ವಿಚಾರ್ಸೋದೈತೆ? ಕಾಫಿ ಕೊಡ್ರವ್ವ," ಎಂದು ಆ ತಾಯಿ ಜಗಲಿ ಹತ್ತಿದರು. ಅಷ್ಟು ರುಚಿಯ ಕಾಫಿ ನಮ್ಮ ಮನೆಯಲ್ಲಿ ಮತ್ತೆ ಆಗಲಿಲ್ಲ ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದ.

ಕೆಂಪಿ ಹೋಯಿತು, ಅಜ್ಜಿ ಹೋದಳು, ಅಪ್ಪ ಅವ್ವ ಇಬ್ಬರೂ ಹೋದರು. ಪಾಳ್ಯದಿಂದ ಸರೋಜತ್ತೆ ಈಗಲೂ ಫೋನ್ ಮಾಡುತ್ತಾಳೆ. ಹಿಂಡಿಯ ರೇಟು, ಡೈರಿಯವರ ತಕರಾರು ಎಂದು ಶುರುವಾದ ಮಾತು ಹೇಗೋ ಅಪ್ಪನ ಸೆರಗಿಗೆ ಬಂದು ನಿಲ್ಲುತ್ತದೆ, ಇಬ್ಬರಿಗೂ ಉಸಿರು ಕಟ್ಟುವಷ್ಟು ನಗು. ನಕ್ಕು ಮುಗಿದ ಮೇಲೆ ಅತ್ತೆ, "ಕಾಫಿ ಆಯ್ತೇನೋ?" ಎಂದು ಕೇಳಿಯೇ ಫೋನ್ ಇಡುವುದು.