ಸೊನ್ನೆಗೆ ಬಾರದ ಕಟ್ಟು

ರೈಲು ತಪ್ಪಬಹುದಿತ್ತು. ಮಳೆಗಾಳಿಗೆ ಹಳಿಯ ಮೇಲೆ ಮರ ಬೀಳಬಹುದಿತ್ತು. ಮದ್ದೂರಿನಲ್ಲಿ ಕೊಳ್ಳುವ ವಡೆ ಹೊಟ್ಟೆ ಕೆಡಿಸಬಹುದಿತ್ತು. ಚೀಲದಲ್ಲಿ ಇಸ್ಪೀಟು ಕಟ್ಟು ಕಂಡು ಪೊಲೀಸರು ನನ್ನನ್ನು ಜೂಜುಕೋರನೆಂದು ಕೆಳಗಿಳಿಸಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮೈಸೂರಿನಲ್ಲಿ ಫೆಲಿಕ್ಸ್ ಬಾಗಿಲು ತೆರೆದು ‘ಯಾರು ಬೇಕಿತ್ತು?’ ಎನ್ನಬಹುದಿತ್ತು. ಬೆಂಗಳೂರು ಬಿಡುವ ಮುನ್ನ, ಫೋನ್ ಸತ್ತರೆ ಗತಿಯೇನೆಂದು ಹೋಗುವ, ಬರುವ ಎರಡೂ ಟಿಕೆಟ್ ಮುದ್ರಿಸಿಕೊಂಡೆ. ಮುದುರಬಾರದೆಂದು ನಡುವೆ ಕೈಗೆ ಸಿಕ್ಕಿದ ಗಟ್ಟಿಯದೇನನ್ನೋ ಇಟ್ಟು ಪ್ಲಾಸ್ಟಿಕ್ ಕವರಿಗೆ ಸೇರಿಸಿದೆ.

ಫೆಲಿಕ್ಸ್ ನನ್ನ ಬಾಲ್ಯದ ಗೆಳೆಯ. ಕೃಷ್ಣಮೂರ್ತಿಪುರಂನ ಜಗಲಿಯಲ್ಲಿ ನಾವು ರಮ್ಮಿ ಆಡುವಾಗ ಯಾರು ಯಾವ ಎಲೆ ಎಸೆದರೆಂದು ಅವನೊಬ್ಬನಿಗೇ ನೆನಪಿರುತ್ತಿತ್ತು. ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಕೈಕಾಲು ಸರಿಹೋದವು. ಆದರೆ ಹಳೆಯ ಗುಂಪು ಗೋವಾಕ್ಕೆ ಹೋಗಿ ಕ್ಯಾಸಿನೊದಲ್ಲಿ, ಬಿದ್ದ ಎಲೆ ನೆನಪಿಟ್ಟವರಿಗೇ ಅನುಕೂಲವಾಗುವ ಬ್ಲ್ಯಾಕ್‌ಜಾಕ್ ಆಡೋಣವೆಂದಾಗ, “ನಾನು ಬರಲ್ಲ ಕಣೋ, ತಲೆ ಖಾಲಿ” ಎಂದುಬಿಟ್ಟ. ಅವನಿಲ್ಲದೆ ನಮಗೆ ಗೋವಾ ಯಾಕೆ? ಎಲೆಗಳ ಲೆಕ್ಕವಿಡುವ ಸುಲಭ ಪದ್ಧತಿಯೊಂದನ್ನು ಆರಿಸಿ ಕಲಿಸಿಬಿಟ್ಟರೆ ಒಪ್ಪಿಯಾನೆಂದು ನಾನೇ ಹೊರಟಿದ್ದೆ.

ರೈಲು ಹೊತ್ತಿಗೆ ಸರಿಯಾಗಿ ತಲುಪಿತು. ವಡೆಯೂ ಚೆನ್ನಾಗಿತ್ತು. ಆಟೊದವರಿಗೆ ಅರವತ್ತು ರೂಪಾಯಿ ಕೊಟ್ಟು ಮೊದಲು ಕೃಷ್ಣಮೂರ್ತಿಪುರಂಗೇ ಹೋದೆ. ಜಗಲಿ ಇದ್ದ ಕಡೆ ಈಗ ಜೆರಾಕ್ಸ್ ಅಂಗಡಿಯ ಮೆಟ್ಟಿಲು. ಅದರ ಮೇಲೆ ಒಂದು ಗಳಿಗೆ ಕೂತೆ. “ಏನ್ ಬೇಕಿತ್ತು ಸಾರ್?” ಎಂದು ಅಂಗಡಿಯ ಹೆಂಗಸು ಕೇಳಿದರು. ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಿಕೊಂಡೆ.

ಬನ್ನಿಮಂಟಪದ ಮನೆಯಲ್ಲಿ ಫೆಲಿಕ್ಸ್ ಬಾಗಿಲು ತೆರೆದ. “ಬಂದ್ಬುಟ್ಯಾ? ಕೊಡೆ, ಸ್ವೆಟರ್ರು, ಮಾತ್ರೆ ಎಲ್ಲಾ ತಂದಿದೀಯೋ, ಇಲ್ಲ ಆಂಬುಲೆನ್ಸ್ ಹಿಂದ್ಗಡೆ ಬರ್ತಿದೆಯೋ?”

ನಾನು ಉಸಿರು ಬಿಟ್ಟೆ.

ಅವನ ಹೆಂಡತಿ ಸ್ಟೆಲ್ಲಾ ಕಾಫಿ ತಂದರು. ನಾನು ಪಾಠ ಶುರುಮಾಡಿದೆ. ಒಂದು ಪದ್ಧತಿಯಲ್ಲಿ ಒಂಬತ್ತಕ್ಕೊಂದು ಬೆಲೆ, ಹತ್ತಕ್ಕೆ ಇನ್ನೊಂದು, ಮೇಲೆ ಭಾಗಾಕಾರ ಬೇರೆ. ಎರಡನೆಯದರಲ್ಲಿ ಭಾಗಾಕಾರದ ಕಾಟವಿಲ್ಲ, ಆದರೆ ಏಳನ್ನೂ ಸೇರಿಸಬೇಕು, ಇಡೀ ಕಟ್ಟು ಮುಗಿದರೂ ಲೆಕ್ಕ ನಾಲ್ಕರಲ್ಲಿ ನಿಲ್ಲುತ್ತದೆ. ಮೂರನೆಯದು ಹೈ-ಲೋ: ಎರಡರಿಂದ ಆರರವರೆಗೆ ಒಂದು ಕೂಡು, ಹತ್ತು, ಗುಲಾಮ, ರಾಣಿ, ರಾಜ, ಎಕ್ಕಕ್ಕೆ ಒಂದು ಕಳೆ, ಉಳಿದವಕ್ಕೆ ಏನೂ ಇಲ್ಲ. ಕಟ್ಟು ಮುಗಿದಾಗ ಸೊನ್ನೆ.

“ಸೊನ್ನೆಗೆ ಬರೋದೇ ಇರ್ಲಿ,” ಎಂದ ಫೆಲಿಕ್ಸ್. “ತಪ್ಪಿದ್ರೆ ಅಲ್ಲೇ ಗೊತ್ತಾಗ್ಬೇಕು. ಸೊನ್ನೆ ಬಂದ್ರೆ ಗೋವಾಕ್ಕೆ ಬರ್ತೀನಿ. ಬರ್ಲಿಲ್ವಾ, ಇನ್ಮೇಲೆ ಆ ಮಾತೇ ಎತ್ಬೇಡ.”

ನಾನು ಒಂದೊಂದಾಗಿ ಎಲೆ ಬಿಡಿಸಿದೆ. ಅವನ ತುಟಿ ಅಲುಗುತ್ತಿತ್ತು. ಕೊನೆಯ ಎಲೆ ಬಿದ್ದಾಗ, “ಮೈನಸ್ ಒಂದು” ಎಂದ. ಕಲೆಸಿ ಮತ್ತೆ ಬಿಡಿಸಿದೆ. ಮತ್ತೆ ಮೈನಸ್ ಒಂದು. ಮೂರನೆಯ ಸಲ ಮುಗಿದಾಗ ಎಲೆಗಳನ್ನು ನನ್ನತ್ತ ತಳ್ಳಿ ಕಿಟಕಿಯ ಕಡೆ ತಿರುಗಿದ. “ನೋಡ್ದಾ? ನಾನು ಹೇಳ್ಳಿಲ್ವಾ?”

ಯಾಕಾದರೂ ಬಂದೆನೋ ಅನ್ನಿಸಿತು. ಸ್ಟೆಲ್ಲಾ ಎಲೆ ಒಟ್ಟುಮಾಡಿದರು. ಹಾಗೇ ಎಣಿಸತೊಡಗಿದರು. “ಅಲ್ಲ ಸ್ವಾಮಣ್ಣ, ಇದ್ರಲ್ಲಿ ಐವತ್ತೊಂದೇ ಇದೆಯಲ್ಲ?” ಎಂದು ನನ್ನತ್ತ ನೋಡಿದರು.

ಫೆಲಿಕ್ಸ್ ತಿರುಗಲಿಲ್ಲ. ಆದರೆ ತುಟಿ ಮತ್ತೆ ಅಲುಗಿತು. “ಆಟೀನ್ ಐದು,” ಎಂದ ಮೆಲ್ಲಗೆ. “ಮೂರು ಸಲಾನೂ ಬರ್ಲಿಲ್ಲ. ನಾನೇ ಮರ್ತೆ ಅಂದ್ಕೊಂಡೆ ಕಣೋ.”

ಎಲೆಗಳನ್ನು ಹರಡಿ ನೋಡಿದೆವು. ಆಟೀನ್ ಐದೇ ಇರಲಿಲ್ಲ.

“ಅರ್ಧ ಮನೆ ಹೊತ್ಕೊಂಡ್ ಬರೋನು, ಒಂದು ಕಟ್ಟು ನೆಟ್ಟಗೆ ತರಕ್ಕಾಗ್ಲಿಲ್ವಲ್ಲೋ ನಿನ್ಗೆ!” ಎಂದು ಫೆಲಿಕ್ಸ್ ಬೈದ. ಜಗಲಿಯಲ್ಲಿ ಬೈಯುತ್ತಿದ್ದ ದನಿಯೇ. ಸ್ಟೆಲ್ಲಾ ಸೆರಗಿನಿಂದ ಕಣ್ಣೊರೆಸಿಕೊಂಡು, “ಗೋವಾದಲ್ಲಿ ಮೀನು ತಿಂದು ಬಿಪಿ ಏರಿಸ್ಕೊಂಡ್ರೆ ನೀವೇ ಜವಾಬ್ದಾರಿ” ಎಂದರು. ನನ್ನ ಚಿಂತೆಗೆ ಹೊಸದೊಂದು ಕಾರಣ ಸಿಕ್ಕಿತು.

ಸಂಜೆಯ ರೈಲು ನಾಗನಹಳ್ಳಿ ದಾಟಿದಾಗ ಟಿಕೆಟ್ ಪರೀಕ್ಷಕರು ಬಂದರು. ಕವರಿನಿಂದ ವಾಪಸಿನ ಟಿಕೆಟ್ ಎಳೆದೆ. ಜೊತೆಗೆ ಇಸ್ಪೀಟೆಲೆಯೊಂದು ಜಾರಿ ಅವರ ಬೂಟಿನ ಮೇಲೆ ಬಿತ್ತು. ಅವರೇ ಎತ್ತಿಕೊಟ್ಟು, “ಇದಕ್ಕೆ ಸೀಟಿಲ್ಲ ಸಾರ್” ಎಂದರು.

ಟಿಕೆಟ್ ಮುದುರಿರಲಿಲ್ಲ. ಆಟೀನ್ ಐದರ ಫೋಟೋ ತೆಗೆದು ಫೆಲಿಕ್ಸ್‌ಗೆ ಕಳಿಸಿದೆ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಉತ್ತರ ಬಂತು: “ಸೊನ್ನೆ.”