ಅಸಲಿ ಬಣ್ಣದ ಗಾಡಿ

ನನಗ ನನ್ನ ಸಡ್ಡಕನ ಕಂಡ್ರ ಆಗತಿರಲಿಲ್ಲ. ಸುಳ್ಳು ಯಾಕ ಹೇಳಲಿ? ಈಗ ವಯಸ್ಸಾಗ್ಯದ, ಕೈ ನಡುಗತದ, ಬರಿಯಾಕ ಕುಂತ ಮ್ಯಾಲ ಇದ್ದದ್ದು ಇದ್ದಂಗ ಬರಿಬೇಕು. ಸಡ್ಡಕ ಅಂದ್ರ ನನ್ನ ಹೆಂಡತಿಯ ತಂಗಿ ಗಂಡ. ನಮ್ಮಿಬ್ಬರ ಲಗ್ನ ದೇವದುರ್ಗದಾಗ ಒಂದೇ ಹಂದರದಾಗ, ಒಂದೇ ದಿನ ಆದವು. ಅಕ್ಕಿಕಾಳು ಇಬ್ಬರ ತಲಿ ಮ್ಯಾಲೂ ಅಷ್ಟಷ್ಟೇ ಬಿದ್ದಿದ್ದವು. ಆಮ್ಯಾಲ ಅವ ಮಾನ್ವಿಯಾಗ ಗೊಬ್ಬರದಂಗಡಿ ಹಾಕಿದ. ಕಾಲುವಿ ನೀರು ಬಂದು ಆ ಕಡಿ ಮಂದಿ ಎಲ್ಲಾ ನೆಲ್ಲು ಹಚ್ಚಿದ್ರು, ಇವನ ಅಂಗಡಿ ಮುಂದ ಚೀಲಕ್ಕ ಪಾಳಿ ನಿಂತ್ರು. ನಾನು ರಾಯಚೂರಾಗ ಪೇಂಟರ್. ಅಂಗಡಿ ಬೋರ್ಡು, ಲಾರಿ ಹಿಂದಿನ ಅಕ್ಷರ, ಗಾಡಿ ಬಣ್ಣ. ಮೈಗೆಲ್ಲಾ ಟರ್ಪೆಂಟೈನ್ ವಾಸನಿ.

ಹಬ್ಬಕ್ಕ ಮಾವನ ಮನಿಗಿ ಹೋದ್ರ ನೋಡಬೇಕಿತ್ತು. ನಮ್ಮತ್ತಿ ಇಬ್ಬರು ಅಳಿಯಂದ್ರಿಗೂ ಹೋಳಿಗಿ ನೀಡತಿದ್ದಳು, ಭೇದ ಮಾಡ್ಯಾಳ ಅಂತ ಯಾರೂ ಅನ್ನಂಗಿಲ್ಲ. ಆದ್ರ ಅವನ ಎಲಿಗಿ ತುಪ್ಪ ಬಿದ್ದ ಸಪ್ಪಳ ನನಗ ಕೇಳತಿತ್ತು. ನನ್ನ ಎಲಿದು ಕೇಳತಿರಲಿಲ್ಲ. "ಕಿವಿ ಅಲ್ಲರಿ, ಹೊಟ್ಟಿ ಕೇಳತದ ನಿಮ್ದು" ಅಂತ ನನ್ನ ಹೆಂಡತಿ ಹೊಳ್ಳಿ ಬರುವಾಗ ಬಸ್ಸಿನ್ಯಾಗ ಅಂತಿದ್ದಳು. ಅಕಿ ಬಾಯಿಗಿ ಅಂಜಿ ನಾ ಕಿಟಕಿ ಕಡಿ ನೋಡತಿದ್ದೆ.

ಅವ ಕೆಟ್ಟವ ಇದ್ದಿದ್ರ ಎಷ್ಟು ಚಲೋ ಇತ್ತು! ಬೈದು ಹಗುರಾಗತಿದ್ದೆ. ಹಾಳಾದವ, ಒಳ್ಳೆವ ಇದ್ದ. ನನಗ ಬಾಯಿ ತುಂಬ ಅಣ್ಣಾ ಅಂತಿದ್ದ. ಅವನ ಅಂಗಡಿ ಬೋರ್ಡು ನಾನೇ ಬರದದ್ದು. ಕೂಲಿ ಮಾತು ಒಮ್ಮೆನೂ ನಮ್ಮ ನಡುವ ಬಂದಿರಲಿಲ್ಲ. ಬಣ್ಣ ಒಣಗೂದರಾಗ ಒಂದು ಚೀಲ ಅಕ್ಕಿ ನನ್ನ ಮನಿ ಮುಟ್ಟಿರತಿತ್ತು. ಆ ಅನ್ನ ಉಣ್ಣುವಾಗೂ ನನಗ ಉರೀತಿತ್ತು. ಇದಕ್ಕ ಏನಂತೀರಿ?

ಎಪ್ಪತ್ತರ ದಶಕ ಮುಗಿಯಾಕ ಬಂದಿತ್ತು. ರಾಯಚೂರಾಗ ಒಬ್ಬ ಗಾಡಿ ದಲ್ಲಾಳಿ ಇದ್ದ. ನಿಜಾಮನ ಕಾಲದ ಹಳೆ ವಿಲಾಯತಿ ಕಾರು ಎಲ್ಲಿ ಮೂಲ್ಯಾಗ ಬಿದ್ದಿದ್ರೂ ಎಳಕೊಂಡು ಬಂದು, ಹೊಸದಾಗಿ ರೊಕ್ಕ ಕಂಡ ಮಂದಿಗಿ ಮಾರತಿದ್ದ. ಹೊಸ ಕಾರಿಗಿ ವರ್ಷಗಟ್ಟಲೆ ಕಾಯಬೇಕಿತ್ತು, ಹಳೆ ಗಾಡಿಗಿ ಖಾನದಾನಿ ಗತ್ತು ಬ್ಯಾರೆ. ಆ ದಲ್ಲಾಳಿ ಬಾಯಾಗ ನಾಕು ಮಾತು ಖಾಯಂ ಇರತಿದ್ದವು. "ಒಬ್ಬರ ಕೈ ಗಾಡಿ", ಅಂದ್ರ ಐದು ಮಂದಿ ಕೈ ದಾಟಿದ್ದು. "ಡಾಕ್ಟರ್ ಗಾಡಿ", ಅಂದ್ರ ಯಾವದೋ ಡಾಕ್ಟರು ಒಮ್ಮೆ ಅದರಾಗ ಕುಂತಿದ್ದ. "ನೆಳ್ಳಾಗ ನಿಂತ ಗಾಡಿ", ಅಂದ್ರ ನಡಿಯಾಕ ಬರದ ನಿಂತದ್ದು. ಮತ್ತ ನಾಕನೇದು "ಅಸಲಿ ಬಣ್ಣ". ಅದು ನನ್ನ ಕೆಲಸ.

ಅಸಲಿ ಬಣ್ಣ ಮಾಡೋದು ಹೊಸ ಬಣ್ಣ ಹೊಡಿಯೋದಕ್ಕಿಂತ ಕಷ್ಟರೀ. ಮೊದಲು ಪುಟ್ಟಿ ತುಂಬಿ ಚಂದಾಗಿ ಬಣ್ಣ ಹೊಡಿಬೇಕು. ಒಣಗಿದ ಮ್ಯಾಲ ಸಣ್ಣ ಎಮರಿ ಪೇಪರಿಲೆ ತಿಕ್ಕಿ ಹೊಳಪು ಇಳಿಸಬೇಕು. ಬಾಗಿಲ ಹಿಡಿಕಿ ಹತ್ರ, ಕೈ ತಾಗೋ ಕಡಿ, ಸವದಂಗ ಕಾಣಬೇಕು. ಇಡೀ ಜಿಲ್ಲಾದಾಗ ನನ್ನಂಗ ಅದನ್ನ ಮಾಡೋರು ಇರಲಿಲ್ಲ, ಆ ಸೊಕ್ಕೂ ನನಗಿತ್ತು.

ಹಂಗ ಒಂದು ದಿನ ಒಂದು ಕರಿ ಕಾರು ಬಂತು. ಉದ್ದ ಮೂತಿ, ಎರಡು ಕಡಿ ಬುಗುಟಿನಂಥ ಉಬ್ಬಿದ ದೀಪ. ಬಾಗಿಲ ಒಳಗಿನ ಹಲಗಿ ಬಿಚ್ಚಿದೆ. ಒಳಗ ಒಣಗಿದ ಮಣ್ಣು, ನುಣ್ಣಗ ಅಂದ್ರ ನುಣ್ಣಗ, ಹಿಟ್ಟಿನಂಗ. ಅದರಾಗ ಉಗುರಿನಷ್ಟು ಚಿಪ್ಪು. ದೇವದುರ್ಗದ ಅಳಿಯ ನಾನು, ದಂಡಿ ಮ್ಯಾಲಿನ ಗೂಗಲ್ ಊರಿಗಿ ಹೋಗಿ ಕೃಷ್ಣಾ ಹೊಳ್ಯಾಗ ಎಷ್ಟು ಸಲ ಜಳಕ ಮಾಡೀನಿ! ಅದು ಹೊಳಿ ಮೆಕ್ಕಲು. ಪ್ರವಾಹದಾಗ ಮುಳುಗಿ ದಿನಗಟ್ಟಲೆ ನೀರಾಗ ಕೂತ ಗಾಡಿ. ಸೀಟು ಎತ್ತಿ ನೋಡಿದ್ರ ಗಾಡಿ ನೆಲ ತುಕ್ಕು ಹಿಡದು ಹಪ್ಪಳ ಆಗಿತ್ತು. ದಲ್ಲಾಳಿ ಎರಡು ಕಡಿ ಎಣ್ಣಿ ಡಬ್ಬಿ ತಗಡಿನ ತೇಪಿ ಬಡಿಸಿದ. ಒಂದು ಎಡಕ ಹಿಂದಿನ ಸೀಟಿನ ಕಾಲಿಡೋ ಜಾಗಕ್ಕ, ಇನ್ನೊಂದು ಬಲಕ ಡ್ರೈವರ್ ಸೀಟಿನ ಕೆಳಗ. ಅದರ ಮ್ಯಾಲ ಡಾಂಬರು ಬಳದು, ರಬ್ಬರ್ ಚಾಪಿ ಹಾಸಿದವ ನಾನು. "ಬಾಯಿ ಬಿಟ್ಟರ ಬಣ್ಣಗೇಡು, ಪೇಂಟರ್" ಅಂತ ದಲ್ಲಾಳಿ ಹಲ್ಲು ಕಿರಿದ. ನನಗೇನು? ಕೂಲಿ ತಗೊಂಡು ಮನಿಗಿ ಹೋದೆ.

ಹದಿನೈದು ದಿನಕ್ಕ ಸಡ್ಡಕ ಬಂದ, ಕೈಯಾಗ ಮಾವಿನಹಣ್ಣಿನ ಬುಟ್ಟಿ.

"ಅಣ್ಣಾ, ಒಂದು ಗಾಡಿ ನೋಡೀನಿ. ನೀ ಬಂದು ಬೆನ್ನು ತಟ್ಟಬೇಕು" ಅಂದ.

ಇದೊಂದು ತಿಳಿಸಿ ಹೇಳಬೇಕು. ನಮ್ಮ ಕಡಿ ಎತ್ತು ಕೊಳ್ಳಾಕ ಯಾರೂ ಒಬ್ಬರೇ ಹೋಗಂಗಿಲ್ಲ. ಮನಿ ಕಡಿ ಒಬ್ಬ ಹಿರಿಯ ಸಂಗಾಟ ಬೇಕು. ಹಲ್ಲು ನೋಡಿ, ಸುಳಿ ನೋಡಿ, ನಡಿಸಿ ನೋಡಿದ ಮ್ಯಾಲ ಆ ಹಿರಿಯ ಎತ್ತಿನ ಬೆನ್ನು ತಟ್ಟಬೇಕು. ತಟ್ಟಿದ ಅಂದ್ರ ಯಾಪಾರ ಮುಗೀತು. ಕೈ ಹಿಂದಕ್ಕ ಕಟ್ಟಿಕೊಂಡು ನಿಂತ ಅಂದ್ರ, ಯಾಕ ಏನು ಅಂತ ಕೇಳದ ಕೊಳ್ಳೋರು ಹೊಳ್ಳಿ ಹೋಗತಾರ. ಒಂದು ಮಾತು ಆಡೋ ಕೆಲಸನೂ ಇಲ್ಲ. ಸಡ್ಡಕ ಒಕ್ಕಲುತನದ ಮನ್ಯಾಗ ಬೆಳದವ, ಕಾರಿಗೂ ಹಂಗೇ ಅಂತ ತಿಳದಿದ್ದ.

ಹೋದ್ವಿ. ಅದೇ ಕರಿ ಕಾರು. ದಲ್ಲಾಳಿ ನನ್ನ ನೋಡಿ ಒಂದು ಗಳಿಗಿ ಬೆವತ. ಆಮ್ಯಾಲ ಶುರು ಹಚ್ಚಿದ, "ಬರ್ರಿ ಸಾವಕಾರ್ರೇ, ಒಬ್ಬರ ಕೈ ಗಾಡಿ, ಡಾಕ್ಟರ್ ಗಾಡಿ, ನೆಳ್ಳಾಗ ನಿಂತದ್ದು. ಬಣ್ಣ ನೋಡ್ರಿ, ಅಸಲಿ, ವಿಲಾಯತಿಯಿಂದ ಬಂದಾಗ ಹೆಂಗಿತ್ತೋ ಹಂಗ ಅದ!" ಸಡ್ಡಕ ಆ ಬಣ್ಣದ ಮ್ಯಾಲ ಕೈ ಆಡಿಸಿದ. ನಾ ಮೂರು ದಿನ ತಿಕ್ಕಿದ ಜಾಗ ಅದು.

ದೇವರಾಣಿ, ನಾ ಕೈ ಹಿಂದಕ್ಕ ಕಟ್ಟಿಕೊಂಡೇ ನಿಂತಿದ್ದೆ. ಹಂಗೇ ನಿಂತಿದ್ರ ಆಗಿತ್ತು. ಅಷ್ಟರಾಗ ಅವ ನನ್ನ ಕಡಿ ಹೊಳ್ಳಿ, ಮಾರಿ ಅರಳಿಸಿ, "ಅಣ್ಣಾ, ಇನ್ನ ಮ್ಯಾಲ ನೀನು ಅಕ್ಕ ಬಸ್ಸಿನ್ಯಾಗ ಒದ್ದಾಡೋದು ಬ್ಯಾಡ. ಹಬ್ಬಕ್ಕ ನಾನೇ ಬಂದು ನಿಮ್ಮನ್ನ ಕರಕೊಂಡು ಹೋಗತೀನಿ. ಮಾವನೂ ಅದೇ ಅಂದ, ಪಾಪ ದೊಡ್ಡ ಅಳಿಯ ಗದ್ದಲದಾಗ ನಿಂತು ಬರತಾನ ಅಂತ" ಅಂದ.

ಪಾಪ! ದೊಡ್ಡ ಅಳಿಯ ಪಾಪ! ಕರಕೊಂಡು ಹೋಗತಾನಂತ. ನಾ ಹಿಂದಿನ ಸೀಟಿನ್ಯಾಗ ಗಂಟು ಇಟ್ಟಂಗ ಕೂಡಬೇಕಂತ. ತಗೋ ಮಗನ, ತಗೋ ನಿನ್ನ ಗಾಡಿ ಅಂದುಕೊಂಡೆ. ಮುಂದ ಹೋಗಿ ಬಾನೆಟ್ಟಿನ ಮ್ಯಾಲ ಕೈ ಎತ್ತಿ ಎರಡು ಸಲ ತಟ್ಟಿದೆ. ಸಡ್ಡಕ ಮತ್ತೊಂದು ಮಾತು ಆಡಲಿಲ್ಲ, ಒಳಗಿನ ಕಿಸೆಕ್ಕ ಕೈ ಹಾಕಿದ.

ಗಾಡಿ ಆರು ತಿಂಗಳು ಓಡಿತು. ಅವ ಅದನ್ನ ತಿರುವಿದ ಕಡಿ ಎಲ್ಲಾ ಮಂದಿ ನಿಂತು ನೋಡತಿದ್ರು. ಈಗರೆ ಕೆಡತದ, ನಾಳಿಗರೆ ಕೆಡತದ ಅಂತ ನಾ ದಾರಿ ಕಾಯತಿದ್ದೆ. ಕೆಡಲಿಲ್ಲ. ಮಾನ್ವಿಯಿಂದ ಯಾರರೆ ಬಂದ್ರ ಸುತ್ತು ಬಳಸಿ ಗಾಡಿ ಸುದ್ದಿ ಕೇಳತಿದ್ದೆ, "ಭಾರಿ ಅದರೀ" ಅಂದ್ರ ಚಾ ಕುಡಿಸದ ಕಳಸತಿದ್ದೆ.

ಲಗ್ನಾಗಿ ಎಂಟು ವರ್ಷದ ಮ್ಯಾಲ ಅವನ ಹೆಂಡತಿ ಬಸರಾಗಿದ್ದಳು. ಏಳು ತಿಂಗಳಿಗಿ ದೇವದುರ್ಗದ ತವರಮನ್ಯಾಗ ಕುಬಸ, ಅಂದ್ರ ಸೀಮಂತ, ಇಟ್ಟಿದ್ರು. ಅವ ಕೊಟ್ಟ ಮಾತಿನಂಗ ಅಕಿನ್ನ ಕೂಡಿಸಿಕೊಂಡು ಮಾನ್ವಿಯಿಂದ ರಾಯಚೂರಿಗಿ ಬಂದು ನಮ್ಮ ಬಾಗಿಲಾಗ ಹಾರನ್ ಹೊಡದ. ನಾ ಹಿಂದಿನ ಬಾಗಿಲು ತೆಗದೆ. ನನ್ನ ನಾದಿನಿ ಎಡಕ ಕುಂತಿದ್ದಳು. ಎರಡೂ ಕಾಲು ಆ ತೇಪಿ ಮ್ಯಾಲ.

"ಯವ್ವಾ, ನೀ ಈ ಕಡಿ ಬಾ, ಬಲಕ ಕೂಡು" ಅಂದೆ.

"ಇಲ್ಲೇ ಗಾಳಿ ಬರತದ ಮಾವಾ, ನನಗ ವಾಕರಿಕಿ" ಅಂದಳು.

ಮತ್ತ ಹೇಳಬಹುದಿತ್ತು. ಯಾಕ ಅಂತ ಕೇಳಿದ್ರ? ನಾ ಮುಂದ ಸಡ್ಡಕನ ಬಾಜೂಕ ಕುಂತೆ. ದೇವದುರ್ಗದ ಹಾದ್ಯಾಗ ಒಂದೊಂದು ತಗ್ಗಿಗೂ ನಾ ಹಿಂದ ಹೊಳ್ಳಿ ಅಕಿ ಕಾಲು ನೋಡತಿದ್ದೆ. ಅವ ಹಾಡು ಗುನುಗತಿದ್ದ. ಅರ್ಧ ಹಾದಿ ದಾಟಿದ ಮ್ಯಾಲ ಒಂದು ಚಕ್ಕಡಿ ಜಾಡಿನ್ಯಾಗ ಗಾಡಿ ಎತ್ತಿ ಕುಕ್ಕಿತು. ಹಿಂದ ತಗಡು ಹರದ ಸಪ್ಪಳ, ಅದರ ಹಿಂದ ಅಕಿ ಚೀರಿದ್ದು.

ನೆಲ ಬಾಯಿ ತೆಗದಿತ್ತು. ಅಕಿ ಎಡಗಾಲು ಮಣಕಾಲ ತನಕ ಕೆಳಗ ಇಳದಿತ್ತು. ಗಾಡಿ ನಿಧಾನ ಇತ್ತು, ಅವ ಗಕ್ಕನೆ ನಿಲ್ಲಿಸಿದ, ಇಲ್ಲಂದ್ರ ಏನಾಗತಿತ್ತು ಬರಿಯಾಕ ನನ್ನ ಕೈ ಬರಂಗಿಲ್ಲ. ಮೀನಗಂಡದಾಗ ತಗಡು ಕೊರದು ರಕ್ತ ಹರೀತಿತ್ತು. ನನ್ನ ಹೆಂಡತಿ ಸೆರಗು ಹರದು ಕಟ್ಟಿದಳು. ಅಕಿ ಎರಡೂ ಕೈಲೆ ಹೊಟ್ಟಿ ಹಿಡಕೊಂಡು "ಕೂಸು, ಕೂಸು" ಅಂತಿದ್ದಳು. ಸಡ್ಡಕ ನೆಲಕ್ಕ ಕುಂತು ಅಕಿ ಪಾದ ತನ್ನ ತೊಡಿ ಮ್ಯಾಲ ಇಟ್ಟುಕೊಂಡಿದ್ದ. ಅಷ್ಟರಾಗ ಒಂದು ಚಕ್ಕಡಿ ಬಂತು. ಜ್ವಾಳದ ಸೊಪ್ಪಿನ ಮ್ಯಾಲ ಅಕಿನ್ನ ಮಲಗಿಸಿ ಹೊಂಟ್ವಿ.

ಕೂಸಿಗಿ ಏನೂ ಆಗಲಿಲ್ಲ. ಹಸಿರು ಸೀರಿ ಉಟ್ಟು, ಕಾಲಿಗಿ ದವಾಖಾನಿ ಪಟ್ಟಿ ಕಟ್ಟಿಕೊಂಡು ಅಕಿ ಕುಬಸಕ್ಕ ಕುಂತಳು. ನಾ ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ಸಡ್ಡಕ ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ಟ. ಈಗ ಬೈತಾನ, ಬಡೀತಾನ, ಬಡೀಲಿ ಅಂದುಕೊಂಡೆ.

"ನಿನ್ನಂಥ ನಿನಗೂ ಮೋಸ ಮಾಡಿದ್ನಲ್ಲ ಅಣ್ಣಾ, ಆ ಸುಡುಗಾಡು ದಲ್ಲಾಳಿ. ನೀ ಮನಸಿಗಿ ಹಚ್ಚಿಕೋಬ್ಯಾಡ" ಅಂದ.

ನಾ "ಹೂಂ" ಅಂದೆ. ಅಷ್ಟೇ ಅಂದೆ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗಿ ಬಣ್ಣ ಹಚ್ಚಿ ಕೊಟ್ಟೆ. ಮತ್ತೊಂದು ವರ್ಷಕ್ಕ ಅವ ಮಾನ್ವಿಗಿ ಕರಿಕಳಸಿದ. ಕರಿ ಕಾರು ಅಂಗಡಿ ಮುಂದ ನಿಂತಿತ್ತು. ನೆಲದ ತೂತು ಹಂಗೇ ಇತ್ತು, ಬಣ್ಣ ಮಾತ್ರ ಇನ್ನೂ ನಂಬೋ ಹಂಗ ಇತ್ತು.

"ಮಾರಬೇಕಣ್ಣಾ. ಒಂದು ಬೋರ್ಡು ಬರದು ಕೊಡು. ದಲ್ಲಾಳಿ ಮಾತು ಒಂದೂ ಬ್ಯಾಡ. ತಗೊಳ್ಳೋರ ಮನ್ಯಾಗೂ ಒಬ್ಬಾಕಿ ಬಸರಿ ಇರತಾಳ. ಏನೇನು ಕೆಟ್ಟದ, ಅಷ್ಟೂ ದೊಡ್ಡ ಅಕ್ಷರದಾಗ ಬರಿ" ಅಂತ ಹೇಳಿ, ಗಿರಾಕಿ ನೋಡಾಕ ಒಳಗ ಹೋದ.

ಆವಾಗ ನನಗ ಬಂದ ಹೊಟ್ಟಿಕಿಚ್ಚು ಹಿಂದೆಂದೂ ಬಂದಿರಲಿಲ್ಲ. ಅಂಗಡಿ ಅವನದು, ಗಾಡಿ ಅವನದು, ಅತ್ತಿ ತುಪ್ಪ ಅವನದು. ಹೋಗಲಿ. ತನ್ನ ನುಕಸಾನ ತಾನೇ ಊರಿಗಿ ಸಾರೋ ಎದಿನೂ ಅವನದೇ ಆಗಬೇಕಾ? ನನಗ ಅಂಥಾದ್ದು ಒಂದೂ ಯಾಕ ಇಲ್ಲ? ಸಿಟ್ಟಿಲೆ ಕುಂಚ ಅದ್ದಿದೆ.

"ಹಳೆ ಗಾಡಿ ಮಾರಾಟಕ್ಕದ. ಎಡಕ ಹಿಂದಿನ ನೆಲ ಒಡದದ" ಅಂತ ಬರದೆ. ಅವನಿಗಿ ಗೊತ್ತಿದ್ದದ್ದು ಅಷ್ಟೇ. ಬೋರ್ಡಿನ ತಗಡಿನ್ಯಾಗ ಇನ್ನೂ ಜಾಗ ಇತ್ತು. ಕುಂಚದ ಬಣ್ಣ ತೊಟ್ಟಿಕ್ಕಿ ನನ್ನ ಚಪ್ಪಲಿ ಮ್ಯಾಲ ಬಿತ್ತು. ಅಂಗಡಿ ಹಿಂದಿನ ಅವರ ಮನಿಯಿಂದ ಕಳಿಸಿದ ಚಾ ಆರಿ ಹೋಗಿತ್ತು. ಆಮ್ಯಾಲ ಕುಂಚ ಮತ್ತ ಅದ್ದಿ, ಉಳದ ಜಾಗದಾಗ ಬರದೆ:

"ಡ್ರೈವರ್ ಸೀಟಿನ ಕೆಳಗ ಇನ್ನೊಂದು ತೇಪಿ ಅದ. ಹೊಳ್ಯಾಗ ಮುಳುಗಿದ ಗಾಡಿ. ಬಣ್ಣ ಅಸಲಿ ಅಲ್ಲ, ನಂದು."

ಸಡ್ಡಕ ಹೊರಗ ಬಂದ. ನಕ್ಕೋತ ಓದಾಕ ಶುರು ಮಾಡಿದ. ಮೂರನೇ ಸಾಲಿಗಿ ಬಂದು ನಗಿ ನಿಂತಿತು. ಗಾಡಿ ಬಾಗಿಲು ತೆಗದು, ಡ್ರೈವರ್ ಸೀಟು ಎತ್ತಿ, ಚಾಪಿ ಸರಿಸಿ ನೋಡಿದ. ತಗಡಿನ ಮ್ಯಾಲ ಬೆರಳು ಆಡಿಸಿದ. ಒಳಗಿಂದ ಕೂಸಿನ ದನಿ ಕೇಳತಿತ್ತು.

ಎದ್ದು ಬಂದು, ನನ್ನ ಮಾರಿ ನೋಡದ, ಬೋರ್ಡು ನೋಡಿದ.

"ಅಕ್ಷರ ಚಲೋ ಬಿದ್ದಾವ" ಅಂದ. ಆಮ್ಯಾಲ ಕಿಸೆಕ್ಕ ಕೈ ಹಾಕಿ ಕೇಳಿದ, "ಕೂಲಿ ಎಷ್ಟಾತ್ರಿ, ಪೇಂಟರ್ರೇ?"

ನಾ ಕೂಲಿ ಹೇಳಿದೆ. ಅವ ಕೊಟ್ಟ. ಬಸ್ಸಿಗಿ ಇನ್ನೂ ತಾಸು ಇತ್ತು, ಸ್ಟ್ಯಾಂಡಿನ ತನಕ ನಡಕೋತ ಹೋದೆ.