ಷಡ್ಡಕನ ಬಿಳಿ ಟೈಲ್ಸು

ಟೈಲ್ಸ್ ಕಾರ್ಖಾನೆಗೆ ಆಸ್ಪತ್ರೆಯಿಂದ ಬಂದ ಗಿರಾಕಿಗಳ ಎದುರಿಗೇ ಭಟ್ಟಿ ಮೇಸ್ತ್ರಿ ಗ್ರೀಸು ಮೆತ್ತಿದ ತನ್ನ ಐದೂ ಬೆರಳನ್ನು ಹಾಲಿನಂಥ ಟೈಲ್ಸಿನ ಮೇಲೆ ಒತ್ತಿಬಿಟ್ಟ. ಅದೂ “ನೋಡಿ ಸಾರ್, ಒಂದು ಚುಕ್ಕೆ ಇದ್ಯಾ?” ಎಂದು ಎತ್ತಿ ತೋರಿಸುವ ಉತ್ಸಾಹದಲ್ಲಿ. ಮ್ಯಾನೇಜರು ಕಣ್ಣು ಮುಚ್ಚಿಕೊಂಡರು.

“ಬಿಡಿ ಭಾವ, ಕಿಟಕಿ ಹತ್ರ ಇಡಿ. ಬಿಸಿಲಿಗೆ ತಾನೇ ಹೋಗುತ್ತೆ” ಎಂದ ಷಡ್ಡಕ.

ಮೂರನೇ ದಿನಕ್ಕೆ ಹೋಗಿಯೂ ಹೋಯಿತು! ಕಲೆ ಉಳಿದಿದ್ದರೆ ಮೇಸ್ತ್ರಿಗೆ ಒಂದಿಷ್ಟಾದರೂ ಸಮಾಧಾನವಿರುತ್ತಿತ್ತು.

ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಈ ಬಡಕಲು ಮನುಷ್ಯ ಅದೇ ಕಾರ್ಖಾನೆಯ ಪರೀಕ್ಷಾ ಕೋಣೆಯವನು. ಟೈಟಾನಿಯಾ ಎಂಬ ಬಿಳಿ ಪುಡಿಗೆ ಏನೇನೋ ಬೆರೆಸಿ ಸುಡುವುದು, ಅದರ ಮೇಲೆ ನೀಲಿ ಬಣ್ಣದ ಹನಿ ಹಾಕಿ ಬೆಳಕಿಗಿಡುವುದು, ಬಣ್ಣ ಮಾಸದಿದ್ದರೆ ಸೀಟಿ ಹೊಡೆಯುತ್ತಾ ಮತ್ತೆ ಅರೆಯುವುದು. ಏಳು ವರ್ಷದಿಂದ ಅವನ ಬದುಕೇ ಇಷ್ಟು. ಆ ಪುಡಿ ಬಳಿದ ಟೈಲ್ಸಿನ ಮೇಲೆ ಬೆಳಕು ಬಿದ್ದರೆ ಜಿಡ್ಡೂ ರೋಗಾಣುವೂ ತಾವಾಗಿ ಅಳಿಯುತ್ತವೆ. ಭಟ್ಟಿಯ ಕಾವು ಏರಿದರೆ ಮಾಮೂಲಿ ಪುಡಿಯ ಗುಣ ಸತ್ತೇ ಹೋಗುತ್ತದೆ. ಷಡ್ಡಕನದು ಸಾಯುವುದಿಲ್ಲವಂತೆ.

ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ಬೆಂದವನು ಮೇಸ್ತ್ರಿ. ಹೆಸರು ಬಂದದ್ದು ಫ್ಯಾನಿನ ಕೆಳಗೆ ಕೂತವನಿಗೆ. ಮನೆಯಲ್ಲಾದರೂ ನೆಮ್ಮದಿಯೇ?

“ನಮ್ಮ ತಂಗಿ ಗಂಡ ಮಾಡಿದ ಟೈಲ್ಸು ತಾನೇ ತೊಳ್ಕೊಳ್ಳುತ್ತಂತೆ ಕಣ್ರೀ” ಎಂದಳು ಹೆಂಡತಿ. “ನೀವು ಉಂಡ ತಟ್ಟೆ ಕೂಡ ಎತ್ತಲ್ಲ.”

ಅಷ್ಟರಲ್ಲಿ ಮ್ಯಾನೇಜರು ಇನ್ನೊಂದು ಬಾಂಬು ಹಾಕಿದರು: ದೊಡ್ಡ ಭಟ್ಟಿಯಲ್ಲಿ ಪುಡಿ ಗೆದ್ದರೆ ಭಟ್ಟಿ ವಿಭಾಗಕ್ಕೂ ಷಡ್ಡಕನೇ ಮೇಲ್ವಿಚಾರಕ. ಅಂದರೆ ಇನ್ನು ಮೇಲೆ ರಜಾ ಚೀಟಿಗೆ ನಾದಿನಿಯ ಗಂಡನ ಸಹಿ!

ಪರೀಕ್ಷೆಯ ದಿನ ಷಡ್ಡಕ “ಒಂಬೈನೂರು ಡಿಗ್ರಿ, ಭಾವ” ಎಂದು ಹೇಳಿ ಊಟಕ್ಕೆ ಹೋದ. ಮೇಸ್ತ್ರಿ ಅತ್ತಿತ್ತ ನೋಡಿ ಕಾವಿನ ಗುಂಡಿಯನ್ನು ಒಂಬೈನೂರ ಎಂಬತ್ತಕ್ಕೆ ತಿರುಗಿಸಿದ. ಮನುಷ್ಯನ ಕೈ ಅಂದಮೇಲೆ ಅಷ್ಟು ತಪ್ಪುವುದಿಲ್ಲವೇ?

ಟೈಲ್ಸು ಹೊರಬಂದು ಆರಿದವು. ನೀಲಿ ಹನಿ ಹೇಳಿದ ಹೊತ್ತಿಗೆ ಸರಿಯಾಗಿ ಮಾಸಿತು. ಸಾಲದ್ದಕ್ಕೆ, ಹಿಂದೆಲ್ಲ ತಂತಿ ಬ್ರಷ್ಷಿಗೆ ಕಿತ್ತು ಬರುತ್ತಿದ್ದ ಲೇಪ ಹೆಚ್ಚಿನ ಕಾವಿಗೆ ಉಡದ ಪಟ್ಟು ಹಿಡಿದು ಕೂತಿತ್ತು. “ನಾಳೆಯಿಂದ ಭಟ್ಟಿನೂ ಇವರದೇ!” ಎಂದು ಮ್ಯಾನೇಜರು ಸಾರಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಮೇಸ್ತ್ರಿ. ಕೈಯನ್ನು ಇನ್ನೆಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ.

ಜನ ಚದುರಿದ ಮೇಲೆ ಷಡ್ಡಕನನ್ನು ಮೂಲೆಗೆ ಕರೆದ.

“ನಿಜ ಹೇಳಯ್ಯಾ, ಎಂಬತ್ತು ಡಿಗ್ರಿ ಜಾಸ್ತಿ ಆಗಿದ್ದು ನಿಂಗೆ ಗೊತ್ತಾಯ್ತಾ?”

“ಗೊತ್ತಾಯ್ತು ಭಾವ. ಭಟ್ಟಿ ಕಾವೆಲ್ಲ ಗ್ರಾಫ್ ಹಾಳೇಲಿ ಬಂದಿದೆ.”

“ಮತ್ತೆ ಆ ಪುಡಿ ಅದ್ಹೇಗೆ ತಡ್ಕೊಳ್ತು?”

ಷಡ್ಡಕ ಕನ್ನಡಕ ತೆಗೆದು ಒರೆಸಿಕೊಂಡ.

“ನೂರು ಡಿಗ್ರಿ ಹೆಚ್ಚಿಗೆ ತಡ್ಕೊಳ್ಳೋ ಹಾಗೇ ಮಾಡಿದ್ದೆ ಭಾವ. ಭಟ್ಟಿ ಹತ್ರ ನೀವಿರ್ತೀರಿ ಅಂತ ಗೊತ್ತಿತ್ತಲ್ಲ.”